ನೆಗಡಿಯ ದನಿಯಲ್ಲಿ ಹಾಡಿಸಿದ ಟಾಲಿವರ್ ಅವರಿಗೆ

ಡೆಟ್ರಾಯಿಟ್,
ಮಾರ್ಚ್ ೧೯೬೬

ಡೆಕ್ಸ್ಟರ್ ರಸ್ತೆಯ ಜಮಖಾನೆ ಅಂಗಡಿಯ ಹಿಂದಿನ ಕೋಣೆಯಲ್ಲಿ ವಿರಾಜಮಾನವಾಗಿರುವ ‘ಟಾಲಿವರ್ ಗೋಲ್ಡನ್ ರೆಕಾರ್ಡ್ಸ್’ ಕಂಪನಿಯ ಸ್ಥಾಪಕರೂ, ಮಾಲೀಕರೂ, ಏಕಮಾತ್ರ ಸಿಬ್ಬಂದಿಯೂ ಆದ ಶ್ರೀಯುತ ಆಂಬ್ರೋಸ್ ಟಾಲಿವರ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಕ್ಷೇಮವನ್ನೂ ತಮ್ಮ ಬ್ಯೂಯಿಕ್ ಕಾರಿನ ಕ್ಷೇಮವನ್ನೂ ಹಾರೈಸಿ, ತಮ್ಮ ಕಂಪನಿಯ ಗಾಯಕಿ ವರ್ಡೆಲ್ ಹೈಟವರ್ ಎಂಬ ನಾನು ಮಾಡಿಕೊಳ್ಳುವ ಬಿನ್ನಹವಿದು. ಇದರ ಒಂದು ಪ್ರತಿಯನ್ನು ನಮ್ಮ ಚರ್ಚಿನ ಬಾಗಿಲಿಗೂ ಇನ್ನೊಂದನ್ನು ಮಿಸ್ ಅರ್ಲೀನ್ ತಲೆಗೂದಲು ಅಲಂಕರಿಸುವ ಅಂಗಡಿಯ ಕನ್ನಡಿಗೂ ಅಂಟಿಸಿದ್ದೇನೆ. ಚರ್ಚಿಗೆ ಬಾರದವರು ಅಲ್ಲಿಗೆ ಬಂದೇ ಬರುತ್ತಾರಾದ್ದರಿಂದ ಈ ವಿಷಯವನ್ನು ಮುಚ್ಚಿಡುವ ಶ್ರಮ ತಮಗೆ ಬೇಡ.

ಮೊದಲು ತಮ್ಮ ಸಾಧನೆಯನ್ನು ಹೊಗಳದಿದ್ದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ನಮ್ಮೂರ ದೊಡ್ಡ ರೆಕಾರ್ಡ್ ಕಂಪನಿಯ ಹಾಡು ರೇಡಿಯೊದಲ್ಲಿ ಬಂದರೆ ಇಡೀ ಬೀದಿ ಕಾಲು ಕುಣಿಸುತ್ತದೆ. ಆ ಸದ್ದು ತಮ್ಮ ಕೋಣೆಯಲ್ಲೂ ಹುಟ್ಟಬೇಕೆಂದು ತಾವು ಪಟ್ಟ ಪಾಡು ದೇವರಿಗೇ ಪ್ರೀತಿ. ಅವರು ತಾಳಕ್ಕಾಗಿ ಹಲಗೆಯ ಮೇಲೆ ಕಾಲು ಬಡಿಸುತ್ತಾರೆಂದು ಕೇಳಿ ತಾವು ಅಂಗಡಿಯ ಬಾಗಿಲನ್ನೇ ಕಿತ್ತು ನೆಲಕ್ಕೆ ಹಾಸಿದಿರಿ. ಹಿಮದಲ್ಲಿ ಚಕ್ರಕ್ಕೆ ಕಟ್ಟುವ ಸರಪಳಿಯನ್ನು ಅವರು ತಾಳಕ್ಕೆ ಕುಟ್ಟುತ್ತಾರೆಂದು ಯಾರೋ ಕಿವಿಯಲ್ಲಿ ಊದಿದ್ದೇ ತಡ, ತಮ್ಮ ಬ್ಯೂಯಿಕ್‌ನ ಸರಪಳಿ ಬಿಚ್ಚಿ ತಂದು ಕುಟ್ಟಿಸಿ, ಮರುದಿನ ಅದೇ ಕಾರಿನಲ್ಲಿ ಜಾರಿಕೊಂಡು ಹೋಗಿ ದೀಪದ ಕಂಬವನ್ನು ಆಲಂಗಿಸಿದಿರಿ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತು ಎಂದು ಆಡಿಕೊಳ್ಳುವವರಿದ್ದಾರೆ. ಆ ನರಿ ತನ್ನ ಮೈಗೇ ಬರೆ ಹಾಕಿಕೊಂಡಿತು, ಪಾಪ. ತಾವು ನನ್ನ ಗಂಟಲಿಗೆ ಹಾಕಿದಿರಿ.

ಆ ಕಂಪನಿಯ ಹೆಸರಾಂತ ಹುಡುಗಿ ಹೋದ ವರ್ಷ ಹಾಡಿದ ಹಾಡೊಂದನ್ನು ತಾವು ಗ್ರಾಮಫೋನಿನ ಮುಳ್ಳು ಸವೆಯುವವರೆಗೆ ಕೇಳಿ, ಅವಳ ಗೆಲುವಿನ ಗುಟ್ಟೆಲ್ಲ ಅವಳ ಮೂಗಿನಲ್ಲಿದೆ ಎಂದು ಕಂಡುಹಿಡಿದಿರಿ. ಚಿಕ್ಕಂದಿನಿಂದ ಚರ್ಚಿನಲ್ಲಿ ಹೊಟ್ಟೆಯಾಳದಿಂದ ದನಿಯೆತ್ತಿದವಳು ನಾನು. ಮೂಗು ಕಟ್ಟಲೆಂದು ನನ್ನ ಕಾಲನ್ನು ಮಂಜುಗಡ್ಡೆಯ ಟಬ್ಬಿನಲ್ಲಿ ಇಳಿಬಿಡಿಸಿ, “ಮೂಗಲ್ಲಿ ಹಾಡಮ್ಮಾ, ಮೂಗಲ್ಲಿ! ನಿನ್ನ ಆ ಎದೇನ ಮನೇಲಿ ಬಿಟ್ಟು ಬಾ” ಎಂದು ತಾವು ನೀಡಿದ ಸಂಗೀತೋಪದೇಶವನ್ನು ನಾನು ಮರೆಯುವುದುಂಟೇ?

ಅದೇ ದೊಡ್ಡ ಕಂಪನಿಯ ಡ್ರಮ್ ವಾದಕ ಕ್ಲೆಟಸ್ ಬಾಯ್ಕಿನ್, ಅಲ್ಲಿ ಗೊತ್ತಾದರೆ ಗತಿಯಿಲ್ಲವೆಂದು ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಹಿತ್ತಲ ಬಾಗಿಲಿನಿಂದ ತಮ್ಮಲ್ಲಿ ಬಾರಿಸಲು ಬರುವವರು, ಅಂದು ನನ್ನ ಅವಸ್ಥೆ ನೋಡಿ ಬಿದ್ದು ಬಿದ್ದು ನಕ್ಕರು. “ಅಯ್ಯೋ ಪುಣ್ಯಾತ್ಮ, ಅದು ಸ್ಟೈಲೂ ಅಲ್ಲ ಮಣ್ಣೂ ಅಲ್ಲ! ಅವತ್ತು ಆ ಹುಡುಗಿಗೆ ನೆಗಡಿ ಆಗಿತ್ತು. ನಾನೇ ಕರ್ಚೀಫ್ ಕೊಟ್ಟೆ” ಎಂದರು. ತಾವು ಒಂದು ಕ್ಷಣವಾದರೂ ನಾಚಿದಿರಾ? “ನಿಂಗೇನಯ್ಯಾ ಗೊತ್ತು, ಜನ ಮೆಚ್ಚಿರೋದು ಆ ನೆಗಡೀನೇ!” ಎಂದು ಇನ್ನೆರಡು ಗಡ್ಡೆ ಟಬ್ಬಿಗೆ ಹಾಕಿದಿರಿ. ಆ ಹುಡುಗಿ ಗುಣವಾಗಿ, ಈಗ ಗಂಟೆ ಬಾರಿಸಿದ ಹಾಗೆ ಹಾಡುತ್ತಿದ್ದಾಳೆ. ಇಡೀ ಡೆಟ್ರಾಯಿಟ್‌ನಲ್ಲಿ ಅವಳ ನೆಗಡಿ ಉಳಿದುಕೊಂಡಿರುವುದು ನನ್ನ ಮೂಗಿನಲ್ಲಿ ಮಾತ್ರ.

ಇಷ್ಟನ್ನೂ ನಾನು ನುಂಗಿಕೊಂಡಿದ್ದೆ. ಆದರೆ ಅಲಬಾಮಾದ ಡೆಮೊಪೊಲಿಸ್‌ನಲ್ಲಿ ನನ್ನನ್ನು ಸಾಕಿ ಬೆಳೆಸಿದ ಅಜ್ಜಿಯೊಬ್ಬಳಿದ್ದಾಳೆ. ಎಂಬತ್ತನಾಲ್ಕು ವರ್ಷ, ಕಣ್ಣು ಹೋಗಿ ಮೂರು ವರ್ಷವಾಯಿತು. ಇನ್ನು ಎಷ್ಟು ಭಾನುವಾರಗಳೋ ಎಂದು ವೈದ್ಯರು ಕೈ ಚೆಲ್ಲಿದ್ದಾರೆ. ಒಂದು ಸಲ ನನ್ನ ದನಿ ಕೇಳಬೇಕು, ಅದೊಂದೇ ಅವಳ ಆಸೆ. ನನ್ನ ಮೊದಲ ರೆಕಾರ್ಡನ್ನು ಬಟ್ಟೆಯಲ್ಲಿ ಸುತ್ತಿ ಕಳಿಸಿದೆ. ಅದು ಎರಡೇ ವಾರದಲ್ಲಿ ವಾಪಸ್ಸು ಬಂತು, ಜೊತೆಗೆ ಈರುಳ್ಳಿ ಬೇಯಿಸಿ ಜೇನು ಬೆರೆಸಿದ ಒಂದು ಬಾಟಲಿ ಔಷಧಿ. ಅಜ್ಜಿಯ ಮಾತನ್ನು, ಅವಳ ಜೊತೆಗಿರುವ ಅಯೋಲಾ ಚಿಕ್ಕಮ್ಮ ಇದ್ದ ಹಾಗೇ ಬರೆದಿದ್ದಳು: “ಯಾರದೋ ರೆಕಾರ್ಡು ತಪ್ಪಿ ನಮಗೆ ಬಂದದೆ. ನಮ್ಮ ವರ್ಡೆಲ್‌ದು ಇದ್ರೆ ಕಳಿಸಿ. ಪಾಪ, ಈ ಮಗೂಗೆ ಶೀತ ಆಗಿದೆ, ದಿನಕ್ಕೆ ಮೂರು ಚಮಚ ಕುಡಿಸಿ.”

ಸ್ವಾಮಿ, ನಾನು ಆ ದಿನ ಅತ್ತುಬಿಟ್ಟೆ. ಆ ಬಾಟಲಿಯನ್ನು ತಮ್ಮ ಮುಂದಿಟ್ಟಾಗ ತಾವು, ನಾನೆಲ್ಲಿ ಕುಡಿದು ಗುಣವಾಗಿಬಿಡುತ್ತೇನೋ ಎಂದು, ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಿರಿ. ಆಮೇಲೆ ನನ್ನ ಮುಖ ನೋಡಿ ಏನನ್ನಿಸಿತೋ, “ಆಯ್ತು ಕಣಮ್ಮ, ಎರಡನೇ ರೆಕಾರ್ಡಿನ ಹಿಂಬದಿ ಹಾಡು ನಿಂದು. ನಿನ್ನ ದನೀಲೇ ಹಾಡ್ಕೋ” ಎಂದು ಕ್ಲೆಟಸ್ ಅವರ ಎದುರಿಗೇ ಮಾತು ಕೊಟ್ಟಿರಿ. ಮತ್ತೊಂದು ಗುರುವಾರ ಟಬ್ಬಿಲ್ಲದೆ, ಒಣ ಕಾಲಿನಲ್ಲಿ ನಿಂತು, ನಾನು ಹಾಡಿಯೂ ಹಾಡಿದೆ. ಸರಪಳಿ ಕುಟ್ಟುವವನು ಕುಟ್ಟುವುದನ್ನು ಮರೆತು ನಿಂತಿದ್ದ.

ಆ ರೆಕಾರ್ಡು ತಯಾರಾಗಿ ಬಂದ ದಿನ, ಮಾತು ಕೊಟ್ಟವರು ದೊಡ್ಡವರಲ್ಲವೇ ಎಂಬ ಮೂರ್ಖ ನಂಬಿಕೆಯಿಂದ, ಕೇಳಿ ನೋಡದೆಯೇ ಅಂಚೆಗೆ ಹಾಕಿದೆ. “ಹಿಂಬದಿ ಹಾಕು ಚಿಕ್ಕಮ್ಮ, ಅದು ನಾನೇ, ಅಜ್ಜಿಗೆ ಹೇಳು” ಎಂದು ದೊಡ್ಡ ಅಕ್ಷರದಲ್ಲಿ ಬರೆದೆ. ತಾವು ಮಾಡಿದ್ದೇನು ಎಂದು ಗೊತ್ತಾದದ್ದು ಅನಂತರ, ಮಿಸ್ ಅರ್ಲೀನ್ ಅಂಗಡಿಯಲ್ಲಿ, ಹತ್ತು ಹೆಂಗಸರ ಮುಂದೆ ಆ ರೆಕಾರ್ಡು ಹಾಕಿಸಿದಾಗ. ಸಣ್ಣ ಕಂಪನಿಗಳೆಲ್ಲ ಮಾಡುವ ಹಾಗೆ ತಾವೂ, ಮುಂಬದಿಯ ಹಾಡಿನಿಂದ ನನ್ನನ್ನು ಕಿತ್ತುಹಾಕಿ, ಬರೀ ವಾದ್ಯಗಳನ್ನು ಹಿಂಬದಿಗೆ ಅಚ್ಚು ಹಾಕಿಸಿದ್ದಿರಿ. ನಾನು ಹಾಡಿದ ಹಾಡಿರುವ ಟೇಪಿನ ಮೇಲೆ ಬೇರೇನೋ ತುಂಬಿಸಿದಿರಂತೆ. ಮಿತವ್ಯಯ ದೊಡ್ಡ ಗುಣ. ಮಾತು ಉಳಿಸಿಕೊಳ್ಳುವ ವಿಷಯದಲ್ಲೂ ತಾವು ಅದನ್ನೇ ಪಾಲಿಸಿದ್ದೀರಿ.

ನಿನ್ನೆ ಚಿಕ್ಕಮ್ಮನ ಕಾಗದ ಬಂತು. ಅದನ್ನು ತಮಗಾಗಿ ಇಲ್ಲಿ ನಕಲು ಮಾಡುತ್ತೇನೆ, ನಕಲೆಂದರೆ ತಮಗೆ ಪ್ರೀತಿ: “ವರ್ಡೆಲ್, ಅಮ್ಮ ಕುರ್ಚಿ ಎಳ್ಕೊಂಡು ಹಾಡಿನ ಪೆಟ್ಟಿಗೆ ಪಕ್ಕಾನೇ ಕೂತವ್ಳೆ ಕಣೇ. ಬಾಜಾ ಬಜಂತ್ರಿ ಎಲ್ಲಾ ಬರ್ತದೆ, ನೀನು ಮಾತ್ರ ಬರಲ್ಲ. ನಾನು ಬಾಯಿ ಬಿಟ್ರೆ, ‘ಸುಮ್ನಿರೇ, ಈಗ ಹಾಡು ಎತ್ಕೋತಾಳೆ’ ಅಂತಾಳೆ. ಮುಗಿದ ಮೇಲೆ, ‘ಮತ್ತೆ ಹಾಕು, ಹೆದರ್ಕೊಂಡಿರಬೇಕು ನನ್ನ ಕೂಸು’ ಅಂತಾಳೆ. ಬೆಳಗಿಂದ ಹನ್ನೊಂದು ಸಲ ಆಯ್ತು. ನಾನೇನಂತ ಹೇಳ್ಲಿ?”

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಅಳಿಸಿಹೋದ ಆ ಹಾಡನ್ನು ಟೇಪಿನೊಳಗಿಂದ ಹೇಗಾದರೂ ಹೆಕ್ಕಿ ಕೊಡಬೇಕು. ಅದು ಆಗದಿದ್ದರೆ ನಮ್ಮಜ್ಜಿಯ ವೈದ್ಯರೊಡನೆ ಮಾತಾಡಿ ಅವಳಿಗೆ ಇನ್ನೊಂದು ಹತ್ತು ವರ್ಷ ಮಂಜೂರು ಮಾಡಿಸಬೇಕು. ಎರಡೂ ಕಷ್ಟವೆನಿಸಿದರೆ, ಇನ್ನು ಮುಂದಾದರೂ ರೆಕಾರ್ಡಿನ ಚೀಟಿಯ ಮೇಲೆ ‘ಹೆಸರು: ವರ್ಡೆಲ್ ಹೈಟವರ್, ಮೂಗು: ಬೇರೆಯವರದು’ ಎಂದು ಪ್ರಾಮಾಣಿಕವಾಗಿ ಮುದ್ರಿಸಬೇಕಾಗಿ ಕೋರುತ್ತೇನೆ.

ತಮ್ಮ ಉಪದೇಶವನ್ನೊಮ್ಮೆ, ಮಾತನ್ನೊಮ್ಮೆ ನಂಬಿ ಕೆಟ್ಟ,
ತಮ್ಮ ವಿಶ್ವಾಸಿ,
ವರ್ಡೆಲ್ ಹೈಟವರ್

ತಾ.ಕ.: ಈ ಗುರುವಾರದ ರೆಕಾರ್ಡಿಂಗಿಗೆ ನಾನು ಬರುವುದಿಲ್ಲ. ನಾನಿಲ್ಲದೆಯೂ ಹಾಡು ಸಲೀಸಾಗಿ ಸಾಗುತ್ತದೆಂದು ತಾವೇ ರುಜುವಾತು ಮಾಡಿದ್ದೀರಿ. ಅಂದು ನಾನು ಅಲಬಾಮಾದ ಬಸ್ಸಿನಲ್ಲಿರುತ್ತೇನೆ. ಮನೆ ಸೇರಿದ ಮೇಲೆ ಹಿಂಬದಿ ಹಾಕೆಂದು ಚಿಕ್ಕಮ್ಮನಿಗೆ ಸನ್ನೆ ಮಾಡಿ, ಅಜ್ಜಿಯ ಕುರ್ಚಿಯ ಪಕ್ಕದಲ್ಲಿ ನಿಂತು, ತಮ್ಮ ವಾದ್ಯಗಳ ಮೇಲೆ ನಾನೇ ಹಾಡು ಎತ್ತಿಕೊಳ್ಳುತ್ತೇನೆ. ಇಷ್ಟು ದಿನ ತಡವಾದದ್ದು ಹೆದರಿಕೆಯಿಂದಲೇ ಎಂದು ಅವಳು ತಿಳಿದುಕೊಂಡಿರಲಿ; ತಮ್ಮ ಹೆಸರನ್ನು ನಾನು ಅವಳ ಕಿವಿಗೆ ಹಾಕುವುದಿಲ್ಲ.