ಹೊಳೆಗೆ ಎರಡು ಆಷಾಢದ ವಾಯಿದೆ

೧೯೬೯ನೆಯ ಇಸವಿ ಜೂನ್ ಹದಿನೈದು, ಭಾನುವಾರ. ಸೌಮ್ಯ ಸಂವತ್ಸರದ ಅಧಿಕ ಆಷಾಢ ಶುದ್ಧ ಪಾಡ್ಯ. ಆಧಾರ: ನಮ್ಮ ತಂದೆಯವರು ಜೋಪಾನವಾಗಿಟ್ಟಿದ್ದ, ಈಗ ಅರ್ಧ ಗೆದ್ದಲಿನ ಪಾಲಾಗಿರುವ ಆ ವರ್ಷದ ಪಂಚಾಂಗ. ಇಂಗ್ಲಿಷ್ ಕ್ಯಾಲೆಂಡರನ್ನು ಪಕ್ಕದಲ್ಲಿಟ್ಟು ತಾಳೆ ನೋಡಿಯೂ ಆಗಿದೆ. ಇಷ್ಟು ಎಚ್ಚರಿಕೆ ಏಕೆನ್ನುವಿರೋ? ಅಂದು ನಮ್ಮ ಸೋದರಮಾವ ಒಂದು ನದಿಯನ್ನು ತವರಿಗೆ ಕರೆದರು! ಇಂಥ ಮಾತನ್ನು ಆಧಾರವಿಲ್ಲದೆ ಬರೆದರೆ ಯಾರು ನಂಬುತ್ತಾರೆ?

ನದಿಯೆಂದರೆ ಲಕ್ಷ್ಮಣತೀರ್ಥ. ಹುಣಸೂರಿನಿಂದ ಕೆಳಗೆ ಅದು ಸೋಮಾರಿಯಂತೆ ಹೊರಳುವ ಒಂದು ತಿರುವಿನಲ್ಲಿ ಮಾವನ ತಗ್ಗು ಗದ್ದೆ. ಹಿಂದೆ ಮಳೆಗಾಲದಲ್ಲಿ ಹೊಳೆ ಉಕ್ಕಿ ಬಂದು ಅಲ್ಲಿ ಒಂದಷ್ಟು ದಿನ ಮಲಗಿದ್ದು ಹೋಗುತ್ತಿತ್ತಂತೆ. ಮಾವನ ತಂದೆ ದಡದುದ್ದಕ್ಕೂ ಮಣ್ಣಿನ ಒಡ್ಡು ಹಾಕಿ, ಹೊಳೆಯನ್ನು ಹೊರಗೆ ನಿಲ್ಲಿಸಿ, ಭತ್ತ ಬೆಳೆದರು. ಒಡ್ಡು ಬಂದ ಮೇಲೆ ಹೊಳೆಯಲ್ಲಿ ಮೀನು ಕಡಿಮೆಯಾಯಿತು, ಬಾವಿ ಬೇಸಗೆಗೆ ಮೊದಲೇ ಬತ್ತತೊಡಗಿತು, ಎದುರು ದಡ ಕುಸಿಯಿತು ಎಂಬುದು ಮಾವನ ವಾದ. ವಾದ ಅಷ್ಟಕ್ಕೇ ನಿಂತಿದ್ದರೆ ಅವರನ್ನು ವಿಜ್ಞಾನಿ ಎನ್ನಬಹುದಿತ್ತು. ನಿಲ್ಲಲಿಲ್ಲ.

"ಹೆಣ್ಮಗಳು ಆಸಾಡಕ್ಕೆ ತವ್ರಿಗೆ ಬತ್ತಾಳೆ ಕಣ್ಲಾ. ಒಳೆನೂ ಹೆಣ್ಣೇ. ಬಾಗ್ಲಿಗೆ ಮಣ್ಣು ಪೇರ್ಸಿ ಕೂತ್ರೆ ಅವಳೆಲ್ಲೋಗ್ಬೇಕು?"

ನಾನಾಗ ಮೈಸೂರಿನ ಕಾಲೇಜಿನಲ್ಲಿ ಓದುತ್ತಿದ್ದು, ರಜೆಗೆ ಅಲ್ಲಿಗೆ ಹೋಗಿದ್ದೆ; ಕಾಲೇಜು ತೆರೆದ ಮೇಲೂ ರಜೆ ಸಿಕ್ಕಿದಾಗಲೆಲ್ಲ ಅಲ್ಲೇ. ಸುಮ್ಮನಿರಲಾದೀತೇ?

"ಹೊಳೆಯ ಗಂಡ ಯಾರು ಮಾವ?"

"ಸಮುದ್ರರಾಜ ಕಣ್ಲಾ! ಅಷ್ಟೂ ಗೊತ್ತಿಲ್ದೆ ಕಾಲೇಜಲ್ಲಿ ಏನ್ಲಾ ಓದ್ತೀಯ?"

"ಮೊದಲ ಆಷಾಢಕ್ಕೆ ಬರುವವಳು ಹೊಸ ಮದುವಣಗಿತ್ತಿ. ಈ ಹೊಳೆಗೆ ಮದುವೆಯಾಗಿ ಎಷ್ಟು ಯುಗವಾಯಿತೋ!"

ಮಾವ ನನ್ನನ್ನು ಕನಿಕರದಿಂದ ನೋಡಿದರು. "ವರ್ಸ ವರ್ಸಾನೂ ಒಸ ನೀರು ಕಣ್ಲಾ ಬರಾದು."



ಹೀಗೆ ಆ ಪಾಡ್ಯದ ದಿನ ಒಡ್ಡನ್ನು ಬಾಗಿಲಗಲ ಕಡಿದು ಹೊಳೆಗೆ ದಾರಿ ಮಾಡಲಾಯಿತು. ಅತ್ತೆಗೆ ಆ ಗದ್ದೆಯ ಸಣ್ಣಕ್ಕಿಯೆಂದರೆ ಪ್ರಾಣ. ಮಾವನೊಡನೆ ಮಾತು ಬಿಟ್ಟರು. ಒಂದೇ ಜಗುಲಿಯ ಎರಡು ತುದಿಗಳ ನಡುವೆ ನಾನೇ ಅಂಚೆ.

"ನಿಮ್ಮಾವಂಗೆ ಏಳಪ್ಪ, ಈ ವರ್ಸ ಎರಡು ಆಸಾಡ ಬಿದ್ದೈತೆ. ಎರಡ್ರಲ್ಲೂ ಒಳೆ ಬರ್ನಿಲ್ಲ ಅಂದ್ರೆ ಒಡ್ಡು ಮುಚ್ಚಿಸಿ ಕಬ್ಬು ಆಕುಸ್ತೀನಿ. ಆಮ್ಯಾಕೆ ಒಳೆ ಗಿಳೆ ಅಂತ ಬಾಯಿ ಬುಡಂಗಿಲ್ಲ."

"ನಿಮ್ಮತ್ತೆಗೆ ಏಳ್ಲಾ, ಒಪ್ಪಿವ್ನಿ ಅಂತ."

ಮಗಳ ಕೋಣೆಯ ಸಿದ್ಧತೆ ನಡೆಯಿತು. ಮಾವ ದಡದಲ್ಲಿ ಹೊಂಗೆ, ನೇರಳೆ ನೆಟ್ಟರು; ಒಡ್ಡಿನ ಬಾಯಲ್ಲಿ ಲಕ್ಕಿ ಗಿಡ ಊರಿದರು; ತಗ್ಗಿನಲ್ಲಿ ಜೊಂಡು ತಂದು ನಾಟಿ ಮಾಡಿದರು. ಜೊಂಡೇಕೆಂದು ಕೇಳಿದರೆ, "ಕೊಡಗಿಂದ ಒಂದೇ ಉಸ್ರಿಗೆ ಓಡ್ಬಂದಿರ್ತಾಳೆ. ವಸಿ ಸುದಾರುಸ್ಕಬೇಕಲ್ಲ!" ಎಂದರು. ನೀರಿನ ರಭಸ ತಗ್ಗಿಸಿ ಮಣ್ಣು ಉಳಿಸುವ ಉಪಾಯಕ್ಕೆ ಇದಕ್ಕಿಂತ ಮಧುರವಾದ ವ್ಯಾಖ್ಯಾನವನ್ನು ನಾನೆಲ್ಲೂ ಓದಿಲ್ಲ.

ಅಧಿಕ ಆಷಾಢ ಒಣಗಿಯೇ ಕಳೆಯಿತು. ಹೊಳೆ ಕೆಳಗೆಲ್ಲೋ ಬಂಡೆಗಳ ಸಂದಿಯಲ್ಲಿ ಗೊಣಗುತ್ತ ಬಿದ್ದಿತ್ತು. ಟೀ ಅಂಗಡಿಯ ಮುಂದೆ ಹಾದರೆ ಸಾಕು, "ಗೌಡ್ರೇ, ಮಗಳು ಬಂದ್ಲಾ? ಅಳಿಯಂದ್ರು ಕಳಿಸ್ನಿಲ್ವಾ?" ಎಂಬ ಉಪಚಾರ. ಮನೆಯಲ್ಲಿ ಅತ್ತೆಯದು ಇನ್ನೊಂದು: "ಅದಿಕ ಮಾಸ್ದಲ್ಲಿ ಅಳಿಯಂಗೆ ಏನಾರ ಕೊಡ್ಬೇಕಲ್ಲ, ಸಮುದ್ರರಾಜಂಗೆ ಯಾವ ಬಸ್ನಲ್ಲಿ ಕಳಿಸ್ತಾರಂತೆ, ಕೇಳಪ್ಪ!"

ಮಾವ ಪ್ರತಿ ಸಂಜೆ ಒಡ್ಡಿನ ಬಾಯಲ್ಲಿ ಕುಕ್ಕುರುಗಾಲಲ್ಲಿ ಕೂತು ಪಡುವಣದ ಮೋಡ ನೋಡುತ್ತಿದ್ದರು. ನಗುತ್ತಿದ್ದ ನನಗೂ ಕ್ರಮೇಣ ಭಯವಾಗತೊಡಗಿತು. ಬಾರದೆ ಹೋದರೆ? ಈ ಮನುಷ್ಯ ಆಮೇಲೆ ಕಬ್ಬಿನ ಗದ್ದೆಯ ಬದುವಿನಲ್ಲಿ ಕೂತು ಏನನ್ನು ನೋಡಿಯಾರು?

ನಿಜ ಆಷಾಢದ ಒಂದು ಮಧ್ಯಾಹ್ನ ಹೊಳೆ ಬಂತು. ಅಬ್ಬರವಿಲ್ಲ, ಆರ್ಭಟವಿಲ್ಲ. ಊಟಕ್ಕೆ ಕರೆಯಲು ಹೋದ ನನಗೆ ಮೊದಲು ಕಂಡದ್ದು ಹುಲ್ಲಿನ ಎಸಳು ಹತ್ತುತ್ತಿದ್ದ ಇರುವೆಗಳು. ಆಮೇಲೆ, ಕೆಂಪಗೆ, ತೆಳ್ಳಗೆ, ಹೊಸಿಲ ಬಳಿ ನಿಂತು ಒಳಗೆ ಯಾರಿದ್ದಾರೆಂದು ಇಣುಕುವವಳಂತೆ, ನೀರು. ಲಕ್ಕಿಯ ಸಂದಿಯಲ್ಲಿ ಅಳುಕಿತು, ಜೊಂಡಿನಲ್ಲಿ ಉಸಿರು ಬಿಟ್ಟಿತು, ಮೆಲ್ಲನೆ ಗದ್ದೆಯ ತುಂಬ ಹರಡಿ ಮಲಗಿತು. ಸಂಜೆಯ ವೇಳೆಗೆ ಮೋಡಗಳೂ ಅಲ್ಲೇ ಮಲಗಿದ್ದವು. ಬೆಳ್ಳಕ್ಕಿಗಳು ಮೋಡದ ಮೇಲೆಯೇ ಕಾಲಿಟ್ಟು ನಡೆದವು. ಮಾವ ಮೊಣಕಾಲುದ್ದ ನೀರಿನಲ್ಲಿ ನಿಂತು, "ಬಂದ್ಯವ್ವಾ" ಎಂದರು. ಅಷ್ಟೇ.

ನೀರಿನೊಡನೆ ಮೀನೂ ಬಂದವು. ಮೀನಿನ ಹಿಂದೆ ಪಕ್ಕದ ಹೊಲದವನು ಬಲೆ ಹಿಡಿದು ಬಂದ.

"ಬಾಣಂತಿ ಕ್ವಾಣೆಗೆ ಬಲೆ ಬೀಸ್ತೀಯೇನ್ಲಾ?" ಮಾವ ಗುಡುಗಿದರು.

"ಯಾರು ಗೌಡ್ರೇ ಬಾಣಂತಿ?"

"ಮೀನು ಕಣ್ಲಾ! ಮೊಟ್ಟೆ ಇಕ್ಕಾಕೆ ಬಂದವೆ!"

"ಅಯ್ಯೋ ಶಿವನೇ, ಒಂದೇ ಮನೇಲಿ ಇಷ್ಟೊಂದು ಬಾಣಂತೀರಾ! ಬುಡಿ, ನಮ್ಮನೇಲಿ ಒಬ್ಳಿದ್ರೇನೇ ನಂಗೆ ನಿದ್ದೆ ಇಲ್ಲ" ಎನ್ನುತ್ತ ಅವನು ಬಲೆ ಹೆಗಲಿಗೇರಿಸಿದ.

ಶ್ರಾವಣ ಹುಟ್ಟುವ ಹೊತ್ತಿಗೆ ನೀರು ಇಳಿಯತೊಡಗಿತು. ಗೆದ್ದ ಮಾವ ಒಡ್ಡಿನ ಬಾಯಲ್ಲಿ ಮೀಸೆ ತಿರುವುತ್ತ ನಿಂತಿದ್ದರು. ಹಿಂದಿನಿಂದ ಅತ್ತೆ ಬಂದರು, ಕೈಯಲ್ಲಿ ಮೊರ. ಜಗಳಕ್ಕೆಂದೇ ಬಂದರೆಂದು ನಾನು ಅಂಚೆ ಕೆಲಸಕ್ಕೆ ಸಿದ್ಧನಾದೆ. ಅವರು ನನ್ನತ್ತ ನೋಡಲೇ ಇಲ್ಲ. ಸೆರಗು ಸಿಕ್ಕಿಸಿ ಬಗ್ಗಿ, ಹಿಂದಿರುಗುತ್ತಿದ್ದ ನೀರಿಗೆ ಅರಿಸಿನ ಕುಂಕುಮ ಬಿಟ್ಟರು. ಆಮೇಲೆ ಬೊಗಸೆ ಬೊಗಸೆಯಾಗಿ ಅಕ್ಕಿ. ಅದೇ ಗದ್ದೆಯ ಕೊನೆಯ ಬೆಳೆಯ ಸಣ್ಣಕ್ಕಿ.

"ಮಡ್ಲಕ್ಕಿ ಇಲ್ದೆ ಕಳಿಸ್ತಾರೇನ್ರೀ ಮಗಳ್ನ?" ಎಂದರು, ನೇರ ಮಾವನಿಗೇ.

ಮಾವನ ಕೈ ಮೀಸೆಯಿಂದ ಇಳಿಯಿತು. ಅವರಿಗೆ ಮಕ್ಕಳಿರಲಿಲ್ಲ. ಆ ಮನೆಗೆ ಎಷ್ಟೋ ಆಷಾಢಗಳು ಬಂದು, ಯಾರನ್ನೂ ಕರೆತಾರದೆ ಹಿಂದಿರುಗಿದ್ದವು.

ಒಡ್ಡನ್ನು ಮತ್ತೆಂದೂ ಮುಚ್ಚಲಿಲ್ಲ. ಇದಿಷ್ಟು ನನ್ನ ನೆನಪು. ನೆನಪನ್ನು ದಾಖಲೆಯೊಡನೆ ತಾಳೆ ನೋಡದೆ ಬಿಡುವ ಅಭ್ಯಾಸ ನನಗಿಲ್ಲವಾದ್ದರಿಂದ, ಆ ವರ್ಷದ ಪಹಣಿಯನ್ನೂ ತೆಗೆಸಿ ನೋಡಿದೆ. ಆ ತಗ್ಗಿನಲ್ಲಿ ಅಂದು ಏನಿತ್ತೆಂಬುದಕ್ಕೆ ಅಲ್ಲಿರುವುದು ಒಂದೇ ಪದ: "ಬೀಳು".