ಕಂಪ್ಯೂಟರಿನಲ್ಲಿ ಬೀಸದ ಗಾಳಿ

ತಗಡು ಮುನಿಆಂಜನಪ್ಪನವರದು, ಪಾರಿವಾಳಗಳು ಪಕ್ಕದ ಮನೆಯ ಅಹ್ಮದ್ ಪಾಷಾ ಅವರವು. ಹಿಂದಿನ ಸಂಜೆಯ ಗಾಳಿಮಳೆಗೆ ತಾರಸಿಯ ಶೆಡ್ಡಿನಿಂದ ಕಿತ್ತುಹೋದ ತಗಡು ಕಾಂಪೌಂಡ್ ದಾಟಿ ಪಾರಿವಾಳದ ಗೂಡಿನ ಮೇಲೆ ಬಿದ್ದು ಎರಡು ಹಕ್ಕಿಗಳು ಸತ್ತಿದ್ದವು. ದೊಮ್ಮಲೂರಿನ ಆ ಗಲ್ಲಿಯಲ್ಲಿ ಚಿಕ್ಕಂದಿನಿಂದ ಜೊತೆಗೇ ಬೆಳೆದ ಮುದುಕರಿಬ್ಬರು ಬೆಳಗಾಗುತ್ತಲೇ ಗೋಡೆಯ ಆಚೀಚೆ ನಿಂತು ಕೂಗಾಡುತ್ತಿದ್ದರು.

"ಮೊಳೆ ಸರಿಯಾಗಿ ಹೊಡ್ಸಿದ್ರೆ ತಗಡು ಹಾರ್ತಿತ್ತಾ? ಮಕ್ಕಳ ಥರ ಸಾಕಿದ್ದೆ!" ಪಾಷಾ ಅವರು ಸತ್ತ ಹಕ್ಕಿಯನ್ನು ಗೋಡೆಯ ಮೇಲಿಂದ ಎತ್ತಿ ತೋರಿಸಿದರು.

"ಅಂಥಾ ಬಿರುಗಾಳಿಗೆ ಮೊಳೆ ಏನ್ ಮಾಡುತ್ತಯ್ಯಾ?"

"ಇವತ್ತಿಂದ ನಿನ್ನ ಮನೆ ಚಾಯ್ ನನಗೆ ಹರಾಮ್!"

ಮುನಿಆಂಜನಪ್ಪನವರ ಮುಖ ಸಣ್ಣದಾಯಿತು. ಅವರ ಮಹಡಿಯ ಬಾಡಿಗೆದಾರ ಆನಂದನಿಗೆ ನೋಡಲಾಗಲಿಲ್ಲ. ಅವನು ಬಾಯಿ ಮುಚ್ಚಿಕೊಂಡು ಆಫೀಸಿಗೆ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ನೋಡಿ ಯಜಮಾನ್ರೇ, ನಮ್ಮ ಆಫೀಸಲ್ಲಿ ಇದೇ ಕೆಲಸ. ಚಂಡಮಾರುತ ಬಂದು ಹೋದ್ಮೇಲೆ ಎಲ್ಲಿ ಎಷ್ಟು ಗಾಳಿ ಬೀಸ್ತು, ಎಷ್ಟು ಮಳೆ ಸುರೀತು ಅಂತ ಕಂಪ್ಯೂಟರ್ ಲೆಕ್ಕ ಹಾಕಿ ಹೇಳುತ್ತೆ. ಅದನ್ನ ನೋಡಿ ನಷ್ಟ ಎಷ್ಟಾಗಿದೆ ಅಂತ ತೀರ್ಮಾನ ಮಾಡ್ತಾರೆ. ನಿನ್ನೆ ಗಾಳೀನೂ ಕೇಳ್ಕೊಂಡು ಬರ್ತೀನಿ. ಜೋರಾಗಿತ್ತು ಅಂದ್ರೆ ತಪ್ಪು ಯಾರ್ದೂ ಅಲ್ಲ. ಆಯ್ತಾ?"

"ಅದು ಹೇಳಿದ್ದೇ ಕೊನೆ ಮಾತು," ಎಂದು ಇಬ್ಬರೂ ಒಪ್ಪಿದರು. ಎದುರು ಮನೆಯ ಚಿಕ್ಕಮುನಿಯಮ್ಮ ಸಾಕ್ಷಿಯಾದರು. ಅವರನ್ನು ಯಾರೂ ಕರೆದಿರಲಿಲ್ಲ.

ಇಂದಿರಾನಗರದ ಆಫೀಸಿನಲ್ಲಿ ಸಹೋದ್ಯೋಗಿ ಹಂಸ ನಕ್ಕುಬಿಟ್ಟಳು. "ಗುರು, ಈ ಲೆಕ್ಕದ ನಕ್ಷೇಲಿ ಇಡೀ ಬೆಂಗಳೂರೇ ಒಂದು ಚೌಕ. ಸಮುದ್ರದಿಂದ ಬರೋ ಚಂಡಮಾರುತ ಹಿಡಿಯೋ ಬಲೆ ಇದು. ನಿಮ್ಮ ಗಲ್ಲಿ ಗಾಳಿ ಇದ್ರಲ್ಲಿ ನುಸುಳಿ ಹೋಗುತ್ತೆ."

ಹಾಗೇ ಆಯಿತು. ಮಧ್ಯಾಹ್ನ ಬಂದ ಉತ್ತರದಲ್ಲಿ ಎಲೆ ಅಲುಗಾಡುವಷ್ಟೇ ಗಾಳಿಯಿತ್ತು, ಮಳೆ ಇರಲೇ ಇಲ್ಲ. ಹಿಂದಿನ ದಿನ ನೆಂದ ಆನಂದನ ಬೂಟು ಮಾತ್ರ ಇನ್ನೂ ಒಣಗಿರಲಿಲ್ಲ.

"ಜೋರು ಗಾಳಿ ಇತ್ತು ಅಂದ್ಬಿಡು. ಯಾರು ನೋಡ್ತಾರೆ?" ಎಂದಳು ಹಂಸ.

ಆನಂದನಿಗೆ ಮನಸ್ಸು ಬರಲಿಲ್ಲ. ಮನೆಮಠ ಕಳೆದುಕೊಂಡ ಕರಾವಳಿಯ ಜನ ಇದೇ ಲೆಕ್ಕವನ್ನು ನಂಬಿ ಪರಿಹಾರಕ್ಕೆ ಕಾಯುತ್ತಿದ್ದರು. ಅಂಥದ್ದನ್ನು ತಿರುಚಿ ಹೇಳಲು ಅವನ ನಾಲಿಗೆ ಏಳಲಿಲ್ಲ.

ಸಂಜೆ ಗಲ್ಲಿಗೆ ಗಲ್ಲಿಯೇ ಸೇರಿತ್ತು.

"ಲೆಕ್ಕದ ಪ್ರಕಾರ ಗಾಳಿ ಇರ್ಲಿಲ್ಲ. ಆದ್ರೆ ಸ್ವಲ್ಪ ಕೇಳಿ, ಈ ಚೌಕ ಅನ್ನೋದು..."

ಚೌಕದ ವಿಷಯ ಯಾರಿಗೂ ಬೇಕಿರಲಿಲ್ಲ. "ಗಾಳಿ ಇಲ್ದೆ ತಗಡು ಹ್ಯಾಗೆ ಹಾರುತ್ತೆ?" ಎಂದರು ಪಾಷಾ.

ಮುನಿಆಂಜನಪ್ಪನವರು ಗಂಭೀರವಾಗಿ ಯೋಚಿಸಿದರು. "ಯಾರಾದ್ರೂ ಕಿತ್ತಿದ್ರೆ ಹಾರುತ್ತೆ."

"ನಿನ್ನೆ ತಾರಸಿ ಮೇಲಿದ್ದೋನು ಇವನೊಬ್ಬನೇ ಕಣ್ರಪ್ಪಾ!" ಚಿಕ್ಕಮುನಿಯಮ್ಮ ಆನಂದನತ್ತ ಕೈ ತೋರಿಸಿದರು. "ಆಂಟೆನಾ ತಿರುಗಿಸ್ತಿದ್ದ. ನಾನೇ ನೋಡ್ದೆ."

"ಅಯ್ಯೋ, ಗಾಳಿ ಇತ್ತಲ್ಲ! ಬಾಗಿಲು ಹಾಕೋಕೆ ನೀವೇ ಒದ್ದಾಡಿದ್ರಲ್ಲ ಯಜಮಾನ್ರೇ!"

"ಇತ್ತು ಅಂದ್ಕೊಂಡಿದ್ವಪ್ಪಾ. ಓದಿದೋನು, ನೀನೇ ಇಲ್ಲ ಅಂದೆ."

ಬೆಳಗಿನಿಂದ ಒಬ್ಬರೊಡನೊಬ್ಬರು ಮಾತಾಡಲು ನೆಪ ಸಿಗದೆ ಮುದುಕರಿಬ್ಬರೂ ಒಳಗೊಳಗೇ ಬೆಂದುಹೋಗಿದ್ದರು. ಈಗ ಸಿಕ್ಕಿತು.

"ಸುಮ್ನೆ ನಿನ್ನ ಬೈದ್ಬಿಟ್ಟೆ ಮುನಿಯಣ್ಣಾ," ಎಂದು ಪಾಷಾ ಕಣ್ಣೊರೆಸಿಕೊಂಡರು.

"ಬಿಡೋ ಪಾಷಾ. ಟೀ ಕುಡಿಯೋಣ ಬಾ," ಎಂದು ಮುನಿಆಂಜನಪ್ಪನವರು ಅವರ ಕೈ ಹಿಡಿದರು. ಹೊಸ್ತಿಲಲ್ಲಿ ತಿರುಗಿ, "ತಿಂಗಳ ಕೊನೆಗೆ ಮನೆ ಖಾಲಿ ಮಾಡ್ಬಿಡಪ್ಪಾ," ಎಂದರು.

ಅಷ್ಟರಲ್ಲಿ ಧೂಳೆದ್ದಿತು. ಮತ್ತೆ ಅದೇ ಗಾಳಿ, ಹಿಂದೆಯೇ ಮಳೆ. ತಾರಸಿಯಲ್ಲಿ ಇನ್ನೊಂದು ತಗಡು ಪಟಪಟ ಬಡಿದುಕೊಳ್ಳತೊಡಗಿತು. ಅದೊಂದು ಹಾರಿಬಿಟ್ಟರೆ ಸಾಕು, ತಾನು ನಿರಪರಾಧಿ ಎಂದು ಊರಿಗೇ ತಿಳಿಯುತ್ತದೆ ಎಂದು ಆನಂದ ಹಿಗ್ಗಿದ. ಒಳಗಿಂದ ಮುದುಕರಿಬ್ಬರ ನಗು ಕೇಳಿಸಿತು. ತಗಡು ಹಾರಿದರೆ ಆ ನಗುವೂ ಹಾರಿಹೋಗುತ್ತದೆ. ಅವನು ಮೆಟ್ಟಿಲು ಹತ್ತಿ ಓಡಿ, ಮಳೆಯಲ್ಲಿ ತೊಯ್ಯುತ್ತ ಎರಡೂ ಕೈಯಿಂದ ತಗಡನ್ನು ಅದುಮಿ ಹಿಡಿದ.

ಎದುರು ಮನೆಯ ಕಿಟಕಿ ತೆರೆಯಿತು.

"ಬನ್ರಪ್ಪೋ, ನೋಡ್ಬನ್ನಿ!" ಚಿಕ್ಕಮುನಿಯಮ್ಮ ಗಲ್ಲಿಗೆಲ್ಲ ಕೇಳುವಂತೆ ಕೂಗಿದರು. "ಇನ್ನೊಂದನ್ನೂ ಕೀಳ್ತಾ ಇದಾನೆ!"