ಮೂತಿ ಮುರಿದ ಬಗೆಟ್

"ಇವತ್ತಿನಿಂದ ಸೊಲಾಂಜಳ ಅಂಗಡಿಯ ಒಂದು ಚೂರು ಬ್ರೆಡ್ಡೂ ಈ ಮನೆ ಹೊಸಿಲು ದಾಟಕೂಡದು!"

ಬಾಸಿಲ್ ಮಹಾಶಯರು ಹೀಗೆ ಗುಡುಗಿದಾಗ ಅವರ ಕೈಯಲ್ಲಿ ಕತ್ತಿ ಇರಲಿಲ್ಲ, ಕತ್ತಿಯಷ್ಟೇ ಉದ್ದದ ಒಂದು ಬಗೆಟ್ ಬ್ರೆಡ್ ಇತ್ತು. ಫ್ರಾನ್ಸಿನ ಬರ್ಗಂಡಿಯ ಆ ಪುಟ್ಟ ಊರಿಗೆಲ್ಲ ಸೊಲಾಂಜಳದು ಒಂದೇ ಬ್ರೆಡ್ ಅಂಗಡಿ. "ಜಾಸ್ತಿ ಬೆಂದಿದ್ದು ಬೇಡ" ಎಂದು ಇವರು ದಿನಾ ಹೇಳುವುದು, ಅವಳು ದಿನಾ ಕೆಂಪಗೆ ಸುಟ್ಟಿದ್ದನ್ನೇ ಕೈಗಿಡುವುದು. ಆ ದಿನ ಸಾಲಿನಲ್ಲಿ ನಿಂತ ಊರವರ ಎದುರೇ, "ಅಷ್ಟೆಲ್ಲಾ ಗೊತ್ತಿದ್ರೆ ನೀವೇ ಸುಟ್ಕೊಳ್ಳಿ, ಮೆಸ್ಯೂ!" ಎಂದುಬಿಟ್ಟಿದ್ದಳು.

"ಸುಟ್ಕೋತೀನಿ ಕಣೇ! ತಿಂಗಳ ಕೊನೇ ಭಾನುವಾರ ನಿಮ್ಮಪ್ಪ ಊಟಕ್ಕೆ ಬರ್ತಾರಲ್ಲ, ನನ್ನ ಕೈಯಾರೆ ಮಾಡಿದ್ದನ್ನೇ ಬಡಿಸ್ತೀನಿ!"

ಹೆಂಡತಿ ಒಡೀಲ್ ಹೆಣಿಗೆಯಿಂದ ತಲೆ ಎತ್ತಿದಳು. "ರೀ, ನಮ್ಮಪ್ಪ ಜೀವಮಾನವೆಲ್ಲಾ ಬ್ರೆಡ್ ಮಾಡಿ ಮಾರಿದವರು. ಸೂರ್ಯನಿಗೇ ಟಾರ್ಚ್ ಬಿಡ್ತೀನಿ ಅಂತೀರಲ್ಲ!"

ಅದೇ ಬಾಸಿಲರ ಕರುಳಿಗೆ ಚುಚ್ಚುತ್ತಿದ್ದ ಮುಳ್ಳು. ಮದುವೆಯಾದಂದಿನಿಂದ ಮಾವ ಎದ್ಮೋಂ ಅಳಿಯನನ್ನು ಒಂದು ಸಲವೂ ಹೊಗಳಿದವರಲ್ಲ. ರೈಲಿನಲ್ಲಿ ಟಿಕೆಟ್ ನೋಡುವ ಕೆಲಸ ಸಿಕ್ಕಾಗ "ಹೂಂ". ತೋಟದಲ್ಲಿ ಬೆಳೆದ ಟೊಮೆಟೊ ತೋರಿಸಿದರೆ "ಹೂಂ". ಚೊಚ್ಚಲ ಮಗಳನ್ನು ಮಡಿಲಿಗೆ ಹಾಕಿದಾಗಲೂ "ಹೂಂ". ಸಾಯುವುದರೊಳಗೆ ಒಂದೇ ಒಂದು ಸಲ ಆ ಬಾಯಿಂದ "ಚೆನ್ನಾಗಿದೆ" ಕೇಳಬೇಕು ಎಂದು ಬಾಸಿಲರ ಜೀವ ಹಾತೊರೆಯುತ್ತಿತ್ತು.

ಯುದ್ಧ ಶುರುವಾಯಿತು. ಅಂಗಡಿಯ ಯೀಸ್ಟ್ ಹಾಕುವುದು ಹೇಡಿಗಳ ಕೆಲಸ! ಹಿಟ್ಟಿಗೆ ನೀರು ಕಲಸಿಟ್ಟು, ತಾನಾಗಿ ಹುಳಿ ಬಂದ ಹೆಪ್ಪಿನಿಂದಲೇ ಬ್ರೆಡ್ ಉಬ್ಬಬೇಕು. ಬಾಸಿಲರು ಜಾಡಿ ತುಂಬ ಹೆಪ್ಪು ಹಾಕಿ, ಅದಕ್ಕೆ 'ಚಕ್ರವರ್ತಿ' ಎಂದು ನಾಮಕರಣ ಮಾಡಿ, ಬೆಚ್ಚಗಿರಲಿ ಎಂದು ಬಾಯ್ಲರ್ ಪಕ್ಕದ ಬಟ್ಟೆ ಬೀರುವಿನಲ್ಲಿ ಪ್ರತಿಷ್ಠಾಪಿಸಿದರು. ಚಕ್ರವರ್ತಿ ಸುಮ್ಮನೆ ಕೂರುವ ಜಾತಿಯವನೇ? ಮರುದಿನವೇ ಮುಚ್ಚಳ ಹಾರಿಸಿ ದಂಡೆತ್ತಿ ಹೊರಟು, ಇಸ್ತ್ರಿ ಮಾಡಿಟ್ಟ ಹಾಸಿಗೆ ಬಟ್ಟೆಗಳನ್ನೆಲ್ಲ ವಶಪಡಿಸಿಕೊಂಡಿದ್ದ!

"ರೀ! ಇದು ನನ್ನಮ್ಮ ಕೊಟ್ಟ ಮದುವೆ ಚಾದರ!"

"ಉಬ್ತಾ ಇದೆ ನೋಡೇ! ಜೀವ ಇದೆ ಅದಕ್ಕೆ!"

"ಅದಕ್ಕಿರುತ್ತೆ. ನಿಮಗೆ ಇನ್ನೆಷ್ಟು ಹೊತ್ತು ಇರುತ್ತೋ ಗೊತ್ತಿಲ್ಲ."

ಮೊದಲ ಸಲದ ಬಗೆಟ್‌ಗಳು ಎಷ್ಟು ಗಟ್ಟಿಯಾಗಿದ್ದವೆಂದರೆ, ಒಡೀಲ್ ಅವನ್ನು ಬೀನ್ಸ್ ಬಳ್ಳಿಗೆ ಆಸರೆಯಾಗಿ ನೆಟ್ಟಳು. ಎರಡನೆಯ ಸಲ ಬಾಸಿಲರು ಗೋಧಿಯೊಂದನ್ನೇ ನಂಬದೆ ರೈ, ಬಾರ್ಲಿ, ಓಟ್ಸ್, ಮೆಕ್ಕೆಜೋಳದ ಹಿಟ್ಟುಗಳನ್ನೆಲ್ಲ ಸೇರಿಸಿ ಸರ್ವಧಾನ್ಯ ಸಮ್ಮೇಳನವನ್ನೇ ನಡೆಸಿದರು. ಆ ಬ್ರೆಡ್ಡನ್ನು ಪಕ್ಕದ ಮನೆಯ ಬಾತುಕೋಳಿಗಳಿಗೆಂದು ಕೊಳಕ್ಕೆ ಎಸೆದರೆ, ಅದು ಬುಳಕ್ಕೆಂದು ಮುಳುಗಿ ಹೋಯಿತು. ಬಾತುಕೋಳಿಗಳು ಆಮೇಲೆ ಆ ಮೂಲೆಗೇ ಹೋಗಲಿಲ್ಲ.

ಆ ಭಾನುವಾರ ಬಂದೇಬಿಟ್ಟಿತು. ಒಡೀಲ್ ಅಪ್ಪನನ್ನು ಕರೆತರಲು ಸ್ಟೇಷನ್ನಿಗೆ ಹೋಗಿದ್ದಳು. ಬಾಸಿಲರು ಓವನ್ ಬಾಗಿಲು ತೆರೆದು ನೋಡಿದರೆ, ದುಂಡನೆಯ ಬ್ರೆಡ್ಡೊಂದು ಮೇಲೆ ಕಪ್ಪಗೆ ಕರಕಲಾಗಿ, ಕೆಳಗೆ ತಟ್ಟೆಯನ್ನು ತಬ್ಬಿ ಕೂತಿತ್ತು. ಅಯ್ಯೋ ದೇವರೇ! ಇನ್ನು ಜನ್ಮವಿಡೀ "ಹೂಂ" ಕೂಡ ಸಿಗುವುದಿಲ್ಲ. ಬಾಸಿಲರು ಅದನ್ನು ಕಿತ್ತು ಸಿಂಕಿನ ಕೆಳಗೆ ತಳ್ಳಿ, ಕೋಟು ಹಾಕಿಕೊಂಡು, ಮಾನ ಮರ್ಯಾದೆ ಬಿಟ್ಟು ಸೊಲಾಂಜಳ ಅಂಗಡಿಗೆ ಓಡಿದರು.

"ಬನ್ನಿ ಬನ್ನಿ, ಮೆಸ್ಯೂ! ದಾರಿ ತಪ್ಪಿ ಬಂದ್ರಾ?"

"ಒಂದು ಬಗೆಟ್."

"ಹೇಗಿರಬೇಕು? ಎಳೇದಾ, ಕೆಂಪಗೆ ಬೆಂದಿದ್ದಾ?"

"ನಿಮ್ಮಿಷ್ಟ, ಮದಾಂ," ಎಂದರು ಬಾಸಿಲರು, ನೆಲ ನೋಡುತ್ತಾ.

ಬಿಸಿಬಿಸಿ ಬಗೆಟ್ ಕಂಕುಳಲ್ಲಿ ಇರುಕಿಕೊಂಡು ಹಿಂದಿನ ಬೀದಿಯಲ್ಲಿ ಬಿರಬಿರನೆ ನಡೆದರು. ಮಾವನ ಬಾಯಿಂದ ಉದುರಲಿರುವ ಮುತ್ತುಗಳನ್ನು ನೆನೆಯುತ್ತಾ, ಏನೋ ಗರಿಗರಿ ಅಗಿಯುತ್ತಾ ಮನೆ ತಲುಪಿದ್ದೇ ಗೊತ್ತಾಗಲಿಲ್ಲ. ಬಗೆಟ್ಟನ್ನು ಬುಟ್ಟಿಗೆ ಹಾಕಿ ಬಟ್ಟೆ ಮುಚ್ಚಿ, ಮೂಗಿನ ಮೇಲೆ ಚಿಟಿಕೆ ಹಿಟ್ಟು ಬಳಿದುಕೊಂಡು ಸಿದ್ಧರಾದರು.

ಎದ್ಮೋಂ ಮೇಜಿನ ಮುಂದೆ ಕೂತು, ಬಟ್ಟೆಯಂಚು ಸರಿಸಿ ಮೂಸಿದರು. ಬೆರಳಲ್ಲಿ ಒತ್ತಿ, ಚಟಚಟ ಸದ್ದಿಗೆ ಕಿವಿಗೊಟ್ಟರು.

"ಚೆನ್ನಾಗಿದೆ," ಎಂದರು.

ಬಾಸಿಲರ ಕಣ್ಣು ತುಂಬಿ ಬಂತು. ಒಡೀಲ್ ಬಾಯಿ ಬಿಟ್ಟುಕೊಂಡು ಗಂಡನನ್ನೇ ನೋಡಿದಳು.

ಎದ್ಮೋಂ ಬಟ್ಟೆಯನ್ನು ಪೂರ್ತಿ ತೆಗೆದರು. "ಅಳಿಯಂದ್ರೇ, ನಿಮ್ಮ ಒಲೆಯಿಂದ ಈ ಮೇಜಿಗೆ ಎಷ್ಟು ದೂರ?"

"ನಾಲ್ಕು ಹೆಜ್ಜೆ, ಮಾವ."

"ಅಷ್ಟಕ್ಕೇ ದಾರಿಬುತ್ತಿ ಬೇಕಾಯ್ತಾ?"

ಮುದುಕರು ಬಗೆಟ್ಟನ್ನು ಮೇಲೆತ್ತಿ ಹಿಡಿದರು. ಅದಕ್ಕೆ ಮೂತಿಯೇ ಇರಲಿಲ್ಲ! ಅಂಗಡಿಯಿಂದ ಬಗೆಟ್ ತರುವಾಗ ದಾರಿಯಲ್ಲೇ ತುದಿ ಮುರಿದು ಬಾಯಿಗೆ ಹಾಕಿಕೊಳ್ಳದವರು ಆ ಊರಲ್ಲಿ ಪಾದ್ರಿಯಿಂದ ಪಾಪುವಿನವರೆಗೆ ಒಬ್ಬರೂ ಇಲ್ಲ. ಹುಟ್ಟಿದಂದಿನಿಂದ ಅಂಟಿದ ಚಾಳಿ ಬಾಸಿಲರ ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿತ್ತು, ತಲೆಗೆ ಮಾತ್ರ ನೆನಪಾಗಿರಲಿಲ್ಲ.

"ಮೀಸೇಲಿ ಚೂರೂ ಇದೆ," ಎಂದಳು ಒಡೀಲ್.

"ನೀವು ಮಾಡಿದ್ದು ಎಲ್ಲಿ?" ಎಂದರು ಮಾವ.

ಬಾಸಿಲರು ಸಿಂಕಿನ ಕೆಳಗಿನಿಂದ ಕರಕಲು ಬ್ರೆಡ್ಡನ್ನು ತಂದು, ಗೋಣು ತಗ್ಗಿಸಿ ಮುಂದಿಟ್ಟರು. ಎದ್ಮೋಂ ಹಳೇ ರೂಢಿಯಂತೆ ಅದನ್ನು ಮಗುಚಿ, ತಳವನ್ನು ಬೆರಳ ಗೆಣ್ಣಿನಿಂದ ಬಡಿದು ಕಿವಿಯಿಟ್ಟರು. ಒಳಗೆಲ್ಲ ಬೆಂದಿದ್ದರೆ ಟೊಳ್ಳು ಸದ್ದು ಬರಬೇಕು; ಇದು ಹಸಿ ಮುದ್ದೆಯಂತೆ 'ದಬ್' ಎಂದಿತು.

"ಒಳಗೆ ಯಾರೋ ಇನ್ನೂ ಮಲಗಿದ್ದಾರೆ."

ಒಡೀಲ್ ನಕ್ಕು ನಕ್ಕು ಮೇಜಿಗೆ ಒರಗಿದಳು. ಮುದುಕರು ಮಾತ್ರ ಚಾಕು ತೆಗೆದುಕೊಂಡು, ಎದ್ದು ನಿಂತು ಮೈಭಾರವನ್ನೆಲ್ಲಾ ಹಾಕಿ ಒಂದು ಚೂರು ಕೊಯ್ದರು. ಬಾಯಿಗಿಟ್ಟು ಬಹಳ ಹೊತ್ತು ಅಗಿದರು.

"ಹೂಂ," ಎಂದರು ಎದ್ಮೋಂ. ಆಮೇಲೆ, "ಹುಳಿ ಮಾತ್ರ ಹದವಾಗಿ ಬಂದಿದೆ. ನನಗೆ ಮೊದಮೊದಲು ಅಷ್ಟೂ ಬರ್ತಿರಲಿಲ್ಲ" ಎಂದರು.

ಬಾಸಿಲರಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ! "ಕೇಳಿಸ್ಕೊಂಡ್ಯಾ? ಹದವಾಗಿ ಬಂದಿದೆಯಂತೆ! ನನ್ನ ಪ್ರತಿಜ್ಞೆ ಪ್ರತಿಜ್ಞೇನೇ ಕಣೇ. ಆ ಸೊಲಾಂಜಳ ಬ್ರೆಡ್ ಇನ್ನು ಈ ಮನೆಗೆ ಬರಕೂಡದು!"

ಒಡೀಲ್ ಮೂತಿ ಮುರಿದ ಬಗೆಟ್ಟಿಗೆ ಬೆಣ್ಣೆ ಸವರುತ್ತಾ ಹೇಳಿದಳು:

"ಆಗ್ಲಿ ಬಿಡಿ. ಸೋಮವಾರ ಅವಳ ಅಂಗಡಿಗೆ ರಜ. ಅವತ್ತೊಂದು ದಿನ ಪಾಲಿಸಿ, ಸಾಕು."